ಹೆಣಿಗೆ ಕಲಿಯೋಕೆ ಮೊದಲು ಏನೇನು ಕೊಳ್ಳಬೇಕು? ಕಡ್ಡಿ ನಂಬರ್, ಉಲ್ಲನ್, ಸಣ್ಣಪುಟ್ಟ ಸಾಮಾನು

ಹೊಸಕಡ್ಡಿ
ಎಲ್ಲರಿಗೂ ನಮಸ್ಕಾರ. ಕಡ್ಡಿ ಹೆಣಿಗೆ ಈಗಷ್ಟೇ ಶುರು ಮಾಡಬೇಕು ಅಂತಿದ್ದೇನೆ. ಮೊದಲು ಒಂದು ಮಫ್ಲರ್, ಆಮೇಲೆ ಹುಟ್ಟಲಿರುವ ಮಗುವಿಗೆ ಕುಲಾವಿ. ಆನ್‌ಲೈನ್‌ನಲ್ಲಿ ದೊಡ್ಡ ಡಬ್ಬಿಯೊಂದು ಸಿಗುತ್ತದೆ: ಹನ್ನೊಂದು ಜೊತೆ ಕಡ್ಡಿ, ಕ್ರೋಶಾ ಕಡ್ಡಿಗಳು, ಬಣ್ಣದ ರಿಂಗು, ಸಾಲು ಎಣಿಸುವ ಯಂತ್ರ, ಇನ್ನೂ ಏನೇನೋ. ಅದನ್ನೇ ತಗೊಳ್ಳಲಾ, ಬಿಡಿಬಿಡಿಯಾಗಿ ತಗೊಳ್ಳಲಾ? ಉಲ್ಲನ್ ಯಾವುದು, ಎಷ್ಟು?

ಉಲ್ಲನ್_ಅಕ್ಕ
ಡಬ್ಬಿ ಬೇಡ. ಅದರಲ್ಲಿ ನಿಮಗೆ ಮೊದಲ ಆರು ತಿಂಗಳು ಬೇಕಾಗುವುದು ಒಂದೇ ಜೊತೆ ಕಡ್ಡಿ. ಮಿಕ್ಕ ಹತ್ತು ಜೊತೆ ಸುಮ್ಮನೆ ಕೂತಿರುತ್ತವೆ. ಅಗ್ಗದ ಡಬ್ಬಿಯ ಕಡ್ಡಿಗಳಿಗೆ ತುದಿ ಸರಿಯಾಗಿ ಉಜ್ಜಿರುವುದಿಲ್ಲ. ಅಂಚಿನ ಚೂರಿಗೆ ನೂಲು ಸಿಕ್ಕಿ ಎಳೆ ಬಿಡುತ್ತದೆ, ಕಲಿಯುವವರು ತಪ್ಪು ತಮ್ಮ ಕೈಯದೇ ಅಂದುಕೊಳ್ಳುತ್ತಾರೆ.

4 ಮಿ.ಮೀ. ಕಡ್ಡಿ ಒಂದು ಜೊತೆ, 30ರಿಂದ 35 ಸೆಂ.ಮೀ. ಉದ್ದದ್ದು. ಆ ಕಡ್ಡಿಗೆ ಹೊಂದುವ ಉಲ್ಲನ್ 100 ಗ್ರಾಂನ ಎರಡು ಉಂಡೆ, ಒಂದೇ ಬಣ್ಣ, ತಿಳಿ ಬಣ್ಣ. ಮೊಂಡು ತುದಿಯ ದಪ್ಪ ಸೂಜಿ ಒಂದು. 3 ಅಥವಾ 3.5 ಮಿ.ಮೀ. ಕ್ರೋಶಾ ಕಡ್ಡಿ ಒಂದು, ಜಾರಿದ ಕುಣಿಕೆ ಎತ್ತೋಕೆ. ಕತ್ತರಿ, ಟೇಪು, ಪೆನ್ಸಿಲ್ ಮನೆಯಲ್ಲೇ ಇರುತ್ತವೆ. ಇಷ್ಟು ಸಾಕು. 20 ಸೆಂ.ಮೀ. ಅಗಲ, ಒಂದೂವರೆ ಮೀಟರ್ ಉದ್ದದ ಮಫ್ಲರ್‌ಗೆ 200 ಗ್ರಾಂ ಸಾಲುತ್ತದೆ.

ಕಪ್ಪು, ಕಡುನೀಲಿ, ಕಂದು ಈಗ ಬೇಡವೇ ಬೇಡ. ಸಂಜೆ ದೀಪದಲ್ಲಿ ಕುಣಿಕೆ ಕಾಣುವುದೇ ಇಲ್ಲ. ಗುಂಜು ಗುಂಜಾಗಿ ಕೂದಲಿರುವ ನೂಲೂ ಬೇಡ, ತಪ್ಪಾದರೆ ಬಿಚ್ಚಲು ಬರುವುದಿಲ್ಲ.

ಲಡಿ_ಬಿಡಿಸುವವ
ಉಲ್ಲನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ.

ನಮ್ಮ ಅಂಗಡಿಗಳಲ್ಲಿ "ಉಲ್ಲನ್" ಅಂತ ಕೊಡುವುದರಲ್ಲಿ ಹೆಚ್ಚಿನ ಪಾಲು ಅಕ್ರಿಲಿಕ್, ಅಂದರೆ ಕೃತಕ ನೂಲು. ವರ್ಧಮಾನ್, ಓಸ್ವಾಲ್, ಗಂಗಾ ಅಂತ ಲುಧಿಯಾನ ಕಡೆಯ ಹೆಸರುಗಳು ಎಲ್ಲ ಊರಿನಲ್ಲೂ ಸಿಗುತ್ತವೆ. ಕಲಿಯಲು ಅಕ್ರಿಲಿಕ್ ಒಳ್ಳೆಯದೇ: ಹತ್ತು ಸಲ ಬಿಚ್ಚಿ ಹಾಕಿದರೂ ತಡೆಯುತ್ತದೆ, ಒಗೆಯುವುದು ಸುಲಭ. ಆದರೆ ಲೇಬಲ್ ಓದಿ ತಗೊಳ್ಳಿ. ಲೇಬಲ್ ಇಲ್ಲದ ಲಡಿಯಾದರೆ ಒಂದು ಎಳೆ ಕತ್ತರಿಸಿ ಸುಟ್ಟು ನೋಡಿ. ನಿಜವಾದ ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ತುದಿಯಲ್ಲಿ ಗಟ್ಟಿ ಕಪ್ಪು ಮಣಿ ಕಟ್ಟುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಬೂದು ಬಣ್ಣದ ಬೂದಿ ಬಿಡುತ್ತದೆ. ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಮಾಡಿ.

"ಪ್ಲೈ" ಅನ್ನುವ ಮಾತನ್ನು ನಂಬಿ ಕೊಳ್ಳಬೇಡಿ. 4 ಪ್ಲೈ ಅಂದರೆ ನಾಲ್ಕು ಎಳೆ ಸೇರಿಸಿ ಹುರಿ ಮಾಡಿದ್ದು, ಅಷ್ಟೇ. ಎಳೆಗಳೇ ದಪ್ಪವಾಗಿದ್ದರೆ ನಾಲ್ಕೆಳೆಯ ನೂಲು ಬೆರಳುಗಾತ್ರ ಆಗಬಹುದು. ಬ್ರಿಟನ್ನಿನ ವಿನ್ಯಾಸಗಳಲ್ಲಿ 4 ಪ್ಲೈ ಅಂದರೆ ತೆಳು ನೂಲು, 3.25 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 28 ಕುಣಿಕೆ ಬರುವಂಥದ್ದು. ನಮ್ಮ ಅಂಗಡಿಯವರ 4 ಪ್ಲೈ ಎಷ್ಟೋ ಸಲ ಅದರ ಒಂದೂವರೆ ಪಟ್ಟು ದಪ್ಪ ಇರುತ್ತದೆ.

ದಪ್ಪ ತಿಳಿಯಲು ಸುತ್ತಿ ನೋಡುವುದೇ ದಾರಿ. ಸ್ಕೇಲಿನ ಮೇಲೆ ನೂಲನ್ನು ಎಳೆಯದೆ, ಒಂದರ ಪಕ್ಕ ಒಂದು ತಾಗುವ ಹಾಗೆ ಸುತ್ತಿ, ಒಂದು ಇಂಚಿನಲ್ಲಿ ಎಷ್ಟು ಸುತ್ತು ಎಣಿಸಿ. 11ರಿಂದ 15 ಬಂದರೆ 4 ಮಿ.ಮೀ. ಕಡ್ಡಿಗೆ ಸರಿ, ಅಂತರರಾಷ್ಟ್ರೀಯ ಲೇಬಲ್‌ಗಳಲ್ಲಿ ಇದಕ್ಕೆ ಡಿಕೆ ಅನ್ನುತ್ತಾರೆ. 9ರಿಂದ 12 ಬಂದರೆ 4.5ರಿಂದ 5.5 ಮಿ.ಮೀ. ಕಡ್ಡಿ ಹಿಡಿಯಬೇಕು. ನಡುವೆ 11, 12 ಎರಡರಲ್ಲೂ ಬರುತ್ತದೆ ಎಂದು ಗಾಬರಿ ಬೇಡ. ಅಂಥ ನೂಲನ್ನು ಎರಡು ಕಡ್ಡಿಯಲ್ಲೂ ಸಣ್ಣ ತುಂಡು ಹೆಣೆದು ನೋಡಿ ನಿರ್ಧರಿಸಬೇಕು.

ಇನ್ನೊಂದು, ಬಣ್ಣದ ಲಾಟ್ ನಂಬರ್. ಒಂದೇ ಕಂಪನಿ, ಒಂದೇ ಶೇಡ್ ನಂಬರ್ ಇದ್ದರೂ ಬೇರೆ ಬೇರೆ ದಿನ ಬಣ್ಣದ ತೊಟ್ಟಿಗೆ ಇಳಿದ ನೂಲು ಸ್ವಲ್ಪ ಬೇರೆಯಾಗಿರುತ್ತದೆ. ಅಂಗಡಿಯಲ್ಲಿ ಕಾಣುವುದಿಲ್ಲ, ಹೆಣೆದ ಮೇಲೆ ಅಡ್ಡಗೆರೆಯ ಹಾಗೆ ಎದ್ದು ಕಾಣುತ್ತದೆ. ಬೇಕಾದಷ್ಟನ್ನೂ ಒಂದೇ ಸಲ ತಗೊಳ್ಳಿ. ಲಾಟ್ ಬೇರೆಯಾಗಿಯೇ ಹೋಯಿತು ಅಂದರೆ ಎರಡು ಸಾಲು ಒಂದು ಉಂಡೆಯಿಂದ, ಎರಡು ಸಾಲು ಇನ್ನೊಂದರಿಂದ ಹಾಕುತ್ತಾ ಹೋದರೆ ವ್ಯತ್ಯಾಸ ಬೆರೆತುಹೋಗುತ್ತದೆ.

ಲಡಿ ತಂದರೆ ನೇರವಾಗಿ ಹೆಣೆಯಲು ಕೂರಬೇಡಿ, ಗಂಟಾಗುತ್ತದೆ. ಎರಡು ಕುರ್ಚಿ ಬೆನ್ನಿಗೆ ಹಾಕಿ, ಕಟ್ಟಿದ ದಾರಗಳನ್ನು ಕತ್ತರಿಸಿ, ಮೂರು ಬೆರಳಿನ ಮೇಲೆ ಸಡಿಲವಾಗಿ ಉಂಡೆ ಸುತ್ತಿ. ಬೆರಳು ಒಳಗಿಟ್ಟೇ ಸುತ್ತಿದರೆ ಆಮೇಲೆ ಬೆರಳು ತೆಗೆದಾಗ ನೂಲಿಗೆ ಉಸಿರಾಡುವಷ್ಟು ಸಡಿಲ ಸಿಗುತ್ತದೆ. ಬಿಗಿಯಾಗಿ ಸುತ್ತಿದ ನೂಲು ಹಿಗ್ಗಿದ ಸ್ಥಿತಿಯಲ್ಲೇ ಹೆಣಿಗೆಗೆ ಹೋಗಿ, ಮೊದಲ ಒಗೆತಕ್ಕೆ ಬಟ್ಟೆ ಕುಗ್ಗುತ್ತದೆ.

ಹೊಸಕಡ್ಡಿ
ತುಂಬಾ ಧನ್ಯವಾದ. ಒಂದು ಗೊಂದಲ. ಅಮೆರಿಕದಲ್ಲಿರುವ ಅತ್ತಿಗೆ ಕಳಿಸಿದ ಮಫ್ಲರ್ ವಿನ್ಯಾಸದಲ್ಲಿ "8 ನಂಬರ್ ಕಡ್ಡಿ" ಅಂತ ಇದೆ. ಪೇಟೆಯಲ್ಲಿ 8 ನಂಬರ್ ಕೇಳಿದೆ, ಕೊಟ್ಟರು. ಹೆಣೆದರೆ ಹಲಗೆಯ ಹಾಗೆ ಗಟ್ಟಿ ಬರುತ್ತಿದೆ, ಅಗಲವೂ ಕಡಿಮೆ. ನೂಲು ಅವರು ಹೇಳಿದ ದಪ್ಪದ್ದೇ. ಕೈ ಬಿಗಿಯಾ?

ಗೇಜ್_ಲೆಕ್ಕ
ಕೈ ಸರಿಯಿದೆ, ಕಡ್ಡಿ ಬೇರೆ. ಈ 8ಕ್ಕೂ ಆ 8ಕ್ಕೂ ಸಂಬಂಧ ಇಲ್ಲ.

ನಮ್ಮ ಹಳೆ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಕಾಲದ ನಂಬರ್. ಅದು ಮೂಲದಲ್ಲಿ ತಂತಿಯ ಗೇಜ್. ಮೋಟಾರ್ ವೈಂಡಿಂಗ್ ಮಾಡುವವರು ಇಂದಿಗೂ ಹೇಳುವ ಗೇಜ್ ಇದೆಯಲ್ಲ, ಅದೇ ಲೆಕ್ಕ. ತಂತಿಯನ್ನು ಸಣ್ಣ ಸಣ್ಣ ತೂತಿನಲ್ಲಿ ಎಳೆದಷ್ಟೂ ನಂಬರ್ ಏರುತ್ತದೆ, ತಂತಿ ತೆಳ್ಳಗಾಗುತ್ತದೆ. ಹಾಗಾಗಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣದು. 14 ಅಂದರೆ 2 ಮಿ.ಮೀ., 10 ಅಂದರೆ 3.25, 9 ಅಂದರೆ 3.75, 8 ಅಂದರೆ 4, 6 ಅಂದರೆ 5, 4 ಅಂದರೆ 6 ಮಿ.ಮೀ.

ಅಮೆರಿಕದ ನಂಬರ್ ಇದಕ್ಕೆ ಉಲ್ಟಾ, ನಂಬರ್ ಏರಿದರೆ ದಪ್ಪವೂ ಏರುತ್ತದೆ. ಅಲ್ಲಿ 3 ಅಂದರೆ 3.25 ಮಿ.ಮೀ., 5 ಅಂದರೆ 3.75, 6 ಅಂದರೆ 4, 8 ಅಂದರೆ 5, 10 ಅಂದರೆ 6. ಎರಡೂ ಪದ್ಧತಿ ಒಂದಾಗುವುದು 7ರಲ್ಲಿ ಮಾತ್ರ, ಎರಡರಲ್ಲೂ 4.5 ಮಿ.ಮೀ.

ನಿಮ್ಮ ಅತ್ತಿಗೆಯ 8 ಅಂದರೆ 5 ಮಿ.ಮೀ., ಅಂಗಡಿಯವರು ಕೊಟ್ಟದ್ದು 4. ಅಂಗಡಿಗೆ ಹೋಗಿ 6 ನಂಬರ್ ಕೇಳಿ, ಅಥವಾ ಮಿಲಿಮೀಟರ್‌ನಲ್ಲೇ ಕೇಳಿ. ಈಗ ಕೊಂಡ 4 ಮಿ.ಮೀ. ಕುಲಾವಿಗೆ ಬರುತ್ತದೆ, ವ್ಯರ್ಥ ಆಗಿಲ್ಲ.

ಕಡ್ಡಿಯ ಮೇಲಿನ ಅಚ್ಚು ಅಳಿಸಿಹೋಗಿದ್ದರೆ ಹೀಗೆ ಅಳೆಯಿರಿ. ಹೊಲಿಗೆ ದಾರವನ್ನು ಕಡ್ಡಿಗೆ ಪಕ್ಕಪಕ್ಕ ಸರಿಯಾಗಿ 10 ಸುತ್ತು ಸುತ್ತಿ, ಬಿಚ್ಚಿ ಉದ್ದ ನೋಡಿ. 4 ಮಿ.ಮೀ. ಕಡ್ಡಿಗೆ 126 ಮಿ.ಮೀ., 5ಕ್ಕೆ 157. ದಾರದ ದಪ್ಪದಿಂದ ಐದಾರು ಮಿ.ಮೀ. ಹೆಚ್ಚು ಬರುತ್ತದೆ, ಅದನ್ನು ಕಳೆಯಿರಿ. ಕಾಲು ಮಿ.ಮೀ. ವ್ಯತ್ಯಾಸ ಇಲ್ಲಿ ಎಂಟು ಮಿ.ಮೀ. ಆಗಿ ಕಾಣುವುದರಿಂದ ತಪ್ಪುವುದು ಕಡಿಮೆ.

ಬಿದಿರುಕಡ್ಡಿ
ಯಾವ ವಸ್ತುವಿನ ಕಡ್ಡಿ ಅಂತ ಯಾರೂ ಹೇಳಲಿಲ್ಲ. ಕಲಿಯುವವರಿಗೆ ಬಿದಿರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕುಣಿಕೆ ಕಡ್ಡಿಯ ಮೇಲೆ ನಿಲ್ಲುತ್ತದೆ, ಕೈ ಜಾರಿ ಒಂದು ಕಡ್ಡಿ ಕೆಳಗೆ ಬಿದ್ದರೂ ಸಾಲಿಡೀ ಕಳಚುವುದಿಲ್ಲ. ಹಗುರ, ಚಳಿಯಲ್ಲಿ ತಣ್ಣಗಾಗುವುದಿಲ್ಲ.

ಉಲ್ಲನ್_ಅಕ್ಕ
ಬಿದಿರುಕಡ್ಡಿ ಅವರೇ, ಅಕ್ರಿಲಿಕ್ ಹಾಕುವಾಗ ಬಿದಿರು ಕಿರಿಕಿರಿ. ನೂಲು ಅಂಟಿಕೊಂಡ ಹಾಗೆ ನಿಲ್ಲುತ್ತದೆ. ಹೊಸಬರು ನೂಲನ್ನು ಬಿಗಿ ಹಿಡಿಯುವುದು ಸಹಜ. ಬಿಗಿ ಕುಣಿಕೆ, ಒರಟು ಕಡ್ಡಿ ಎರಡೂ ಸೇರಿದರೆ ಪ್ರತಿ ಕುಣಿಕೆಯನ್ನೂ ನೂಕಬೇಕು, ಅರ್ಧ ಗಂಟೆಗೆ ಮಣಿಕಟ್ಟು ನೋಯುತ್ತದೆ. ಅಕ್ರಿಲಿಕ್‌ಗೆ ಅಲ್ಯುಮಿನಿಯಂ ಕೊಡಿ. ನೀಲಗಿರಿಯಲ್ಲಿ ತಯಾರಾಗುವ ಪೋನಿ ಕಡ್ಡಿಗಳು ಸಣ್ಣ ಊರಿನ ಫ್ಯಾನ್ಸಿ ಅಂಗಡಿಯಲ್ಲೂ ಸಿಗುತ್ತವೆ, ತುದಿ ನುಣುಪಾಗಿರುತ್ತದೆ.

ಬಿದಿರುಕಡ್ಡಿ
ಅಕ್ರಿಲಿಕ್ ವಿಷಯದಲ್ಲಿ ಒಪ್ಪುತ್ತೇನೆ ಅಕ್ಕ. ಹೊಳಪಿನ ಹತ್ತಿ ನೂಲಿಗೆ ಮಾತ್ರ ಬಿದಿರು ಬಿಟ್ಟು ಬೇರೆ ಹೇಳಲಾರೆ, ಅದು ಲೋಹದ ಮೇಲೆ ಎಣ್ಣೆ ಹಚ್ಚಿದಂತೆ ಜಾರುತ್ತದೆ.

ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಬಿದಿರು ಕಡ್ಡಿ ತೇವ ಹೀರಿ ಒರಟಾಗುತ್ತದೆ, ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ತೀರಾ ನಯವಾದ ಮರಳು ಕಾಗದದಲ್ಲಿ ಉದ್ದಕ್ಕೆ ಉಜ್ಜಿ, ಮೇಣದಬತ್ತಿ ಸವರಿ, ಬಟ್ಟೆಯಲ್ಲಿ ತಿಕ್ಕಿದರೆ ಮತ್ತೆ ನುಣುಪಾಗುತ್ತದೆ. ಅಲ್ಯುಮಿನಿಯಂ ಕಡ್ಡಿಗೆ ಬೆವರು ಕೈ ತಾಗಿ ತಾಗಿ ಮೇಲಿನ ಲೇಪ ಹೋದರೆ ಬಿಳಿ ನೂಲಿಗೆ ಬೂದು ಮಸಿ ಹತ್ತುತ್ತದೆ. ಮಗುವಿನ ಬಿಳಿ ಕುಲಾವಿ ಹಾಕುವ ಮುನ್ನ ಕಡ್ಡಿಯನ್ನು ಬಿಳಿ ಬಟ್ಟೆಯಲ್ಲಿ ಗಟ್ಟಿಯಾಗಿ ಒರೆಸಿ ನೋಡಿ.

ಹೊಸಕಡ್ಡಿ
ನಡುವೆ ಪ್ಲಾಸ್ಟಿಕ್ ತಂತಿ ಇರುವ ದುಂಡು ಕಡ್ಡಿ ಕೊಂಡರೆ ಒಳ್ಳೆಯದು ಅಂತ ಕೆಲವರು ಹೇಳಿದರು. ನಿಜವೇ?

ಗೇಜ್_ಲೆಕ್ಕ
ಎರಡನೇ ಕಡ್ಡಿ ಕೊಳ್ಳುವಾಗ ಅದನ್ನೇ ಕೊಳ್ಳಿ. 80 ಸೆಂ.ಮೀ.ಯ ಸರ್ಕ್ಯುಲರ್ ಕಡ್ಡಿಯಲ್ಲಿ ನೇರ ಹೆಣಿಗೆಯೂ ಆಗುತ್ತದೆ: ಸಾಲು ಮುಗಿದ ಮೇಲೆ ತಿರುಗಿಸಿ ಹಿಡಿದರಾಯಿತು. ಬಟ್ಟೆಯ ಭಾರ ತೊಡೆಯ ಮೇಲೆ ಕೂರುತ್ತದೆ, ಮಣಿಕಟ್ಟಿಗೆ ಬರುವುದಿಲ್ಲ. ಸ್ವೆಟರಿನ ಬೆನ್ನುಭಾಗ, ಶಾಲು ಹಾಕುವಾಗ ಈ ಉಪಕಾರ ಗೊತ್ತಾಗುತ್ತದೆ. ಬಸ್ಸಿನಲ್ಲಿ ಪಕ್ಕದವರಿಗೆ ಚುಚ್ಚುವುದೂ ಇಲ್ಲ.

ಕೊಳ್ಳುವಾಗ ಕಡ್ಡಿಯೂ ತಂತಿಯೂ ಸೇರುವ ಜಾಗವನ್ನು ಉಗುರಿನಿಂದ ಸವರಿ ನೋಡಿ. ಉಗುರು ತಡೆದರೆ ನೂಲೂ ತಡೆಯುತ್ತದೆ, ಅಂಥದ್ದು ಬೇಡ. ತಂತಿ ಸುರುಳಿ ಸುತ್ತಿಕೊಂಡಿದ್ದರೆ ಬಿಸಿನೀರಿನಲ್ಲಿ ಒಂದು ನಿಮಿಷ ತಂತಿಯನ್ನಷ್ಟೇ ಅದ್ದಿ, ನೇರ ಹಿಡಿದು ತಣ್ಣಗಾಗಲು ಬಿಡಿ.

ಗೊತ್ತಿರಬೇಕಾದ ಮಿತಿ: ಸುತ್ತಲೂ ಕೊಳವೆಯಂತೆ ಹೆಣೆಯುವಾಗ ಕಡ್ಡಿಯ ಒಟ್ಟು ಉದ್ದ ಬಟ್ಟೆಯ ಸುತ್ತಳತೆಗಿಂತ ಕಡಿಮೆ ಇರಬೇಕು. ದೊಡ್ಡವರ ಟೋಪಿಗೆ 40 ಸೆಂ.ಮೀ. ಕಡ್ಡಿ. 80ರದರಲ್ಲಿ ಹಾಕಲು ಹೋದರೆ ಕುಣಿಕೆಗಳು ತುದಿಯಿಂದ ತುದಿಗೆ ಮುಟ್ಟುವುದೇ ಇಲ್ಲ. ತುದಿ ಬಿಚ್ಚಿ ಬದಲಿಸುವ ನಿಟ್‌ಪ್ರೋ ಥರದ ಸೆಟ್ಟುಗಳು ಚೆನ್ನಾಗಿವೆ, ಆದರೆ ನಿಮಗೆ ಯಾವ ಅಳತೆ ಹೆಚ್ಚು ಬೇಕು ಅಂತ ತಿಳಿದ ಮೇಲೆ ಕೊಳ್ಳಿ.

ಲಡಿ_ಬಿಡಿಸುವವ
ಅಕ್ಕ ಹೇಳಿದ ಮೊಂಡು ಸೂಜಿಯ ವಿಷಯ. ಮನೆಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ ಇದೆಯಲ್ಲ ಅಂತ ಅದನ್ನು ತೆಗೆಯಬೇಡಿ. ದಬ್ಬಣದ ಚೂಪು ತುದಿ ನೂಲಿನ ಎಳೆಗಳ ನಡುವೆ ಹೊಕ್ಕು ಸೀಳುತ್ತದೆ, ಹೊಲಿಗೆ ಆಮೇಲೆ ಬಿಚ್ಚಲು ಬರುವುದಿಲ್ಲ. ಬೇಕಾದದ್ದು ಕುಣಿಕೆಯ ಮಧ್ಯೆ ದಾರಿ ಹುಡುಕಿಕೊಂಡು ಹೋಗುವ ಮೊಂಡು ತುದಿ, ನೂಲು ಹೋಗುವಷ್ಟು ಉದ್ದ ಕಣ್ಣು. ನೂಲು ಪೋಣಿಸಲು ಕಷ್ಟವಾದರೆ ಸೂಜಿಯ ಮೇಲೆ ನೂಲನ್ನು ಮಡಚಿ ಬಿಗಿಯಾಗಿ ಚಿವುಟಿ, ಆ ಮಡಿಕೆಯನ್ನೇ ಕಣ್ಣಿಗೆ ತಳ್ಳಿ.

ಬಣ್ಣದ ರಿಂಗುಗಳ ಬದಲು ಬೇರೆ ಬಣ್ಣದ ನೂಲಿನ ಸಣ್ಣ ಕುಣಿಕೆ ಕಟ್ಟಿ ಕಡ್ಡಿಗೆ ಹಾಕಿದರೆ ಸಾಕು. ಬಟ್ಟೆಪಿನ್ನು ಹಾಕುವುದಾದರೆ ಸುರುಳಿ ಇಲ್ಲದ, ಪೇರಳೆ ಆಕಾರದ ಪಿನ್ನು ಹಾಕಿ. ಸಾಮಾನ್ಯ ಪಿನ್ನಿನ ಸುರುಳಿಯಲ್ಲಿ ನೂಲು ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಕಡ್ಡಿ ತುದಿಗೆ ರಬ್ಬರ್ ಚೂರು ಸಿಕ್ಕಿಸಿದರೆ ಚೀಲದೊಳಗೆ ಕುಣಿಕೆ ಕಳಚುವುದಿಲ್ಲ. ಸಾಲು ಎಣಿಸಲು ಕಾಗದ, ಪೆನ್ಸಿಲ್.

ಟೇಪು ಮಾತ್ರ ಹೊಸದಿರಲಿ. ವರ್ಷಗಟ್ಟಲೆ ಬಳಸಿದ ಬಟ್ಟೆಯ ಟೇಪು ಹಿಗ್ಗಿರುತ್ತದೆ. ಸ್ಟೀಲ್ ಸ್ಕೇಲಿಗೆ ಹಿಡಿದು ಒಮ್ಮೆ ಪರೀಕ್ಷೆ ಮಾಡಿ.

ಗೇಜ್_ಲೆಕ್ಕ
ಟೇಪಿನ ಮಾತು ಬಂದಿದ್ದರಿಂದ ಅಳತೆ ತುಂಡಿನ ಬಗ್ಗೆ. ಮಫ್ಲರಿಗೆ ಬೇಡ, ಮೈಗೆ ಕೂರಬೇಕಾದ ಯಾವುದಕ್ಕಾದರೂ ಬೇಕೇ ಬೇಕು. ಹದಿನೈದು ಸೆಂ.ಮೀ. ಚೌಕದ ತುಂಡು ಹಾಕಿ, ಬಟ್ಟೆಯನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆದು ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ.ಯಲ್ಲಿ ಕುಣಿಕೆ ಎಣಿಸಿ. ಅರ್ಧ ಕುಣಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿನ್ಯಾಸ 22 ಕೇಳಿ ನಿಮ್ಮದು 20 ಬಂದರೆ ದೊಡ್ಡ ವಿಷಯ ಅಲ್ಲ ಅನ್ನಿಸುತ್ತದೆ. 200 ಕುಣಿಕೆಯ ಸ್ವೆಟರಿನಲ್ಲಿ 91 ಸೆಂ.ಮೀ. ಎದೆಸುತ್ತು 100 ಸೆಂ.ಮೀ. ಆಗಿರುತ್ತದೆ. ಕುಣಿಕೆ ಕಡಿಮೆ ಬಂದರೆ ಸಣ್ಣ ಕಡ್ಡಿಗೆ ಹೋಗಿ, ಹೆಚ್ಚು ಬಂದರೆ ದಪ್ಪ ಕಡ್ಡಿಗೆ. ಬೇಕಂತಲೇ ಕೈ ಬಿಗಿ ಮಾಡಿ ಹೆಣೆದರೆ ಹತ್ತು ಸಾಲಿನಲ್ಲಿ ಕೈ ತನ್ನ ಹದಕ್ಕೇ ಮರಳುತ್ತದೆ.

ಮಲೆನಾಡ_ಕುಲಾವಿ
ಕುಲಾವಿ ಹಾಕುವುದಾಗಿ ಹೇಳಿದ್ದೀರಿ, ಅದಕ್ಕೆ 50 ಗ್ರಾಂ ಧಾರಾಳ. ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂ.ಮೀ. ಸುತ್ತು. ಕುಲಾವಿ ಹಿಡಿದು ನಿಲ್ಲಲು ಮೂರು ಸೆಂ.ಮೀ. ಕಡಿಮೆ ಇಡಬೇಕು, ಅಂದರೆ 32. ನಿಮ್ಮ ತುಂಡಿನಲ್ಲಿ 22 ಕುಣಿಕೆ ಬಂದರೆ 70 ಚಿಲ್ಲರೆ ಆಗುತ್ತದೆ. ಎಂಟರ ಲೆಕ್ಕಕ್ಕೆ 72 ತಗೊಂಡು, ಎರಡು ಅಂಚು ಹೊಲಿಯಲು 2 ಸೇರಿಸಿ 74 ಹಾಕಿ. 10 ಸೆಂ.ಮೀ. ನೇರ ಹೆಣೆದು, ಮೊದಲ ಮತ್ತು ಕೊನೆಯ ಕುಣಿಕೆ ಬಿಟ್ಟು 7 ಸೀದಾ (ನೂಲು ಹಿಂದಿಟ್ಟು ಹಾಕುವ ಕುಣಿಕೆ), 2 ಸೇರಿಸಿ ಒಂದು ಅಂತ ಎಂಟು ಸಲ. ಮುಂದಿನ ಸಾಲು ಸುಮ್ಮನೆ ಉಲ್ಟಾ (ನೂಲು ಮುಂದಿಟ್ಟು ಹಾಕುವ ಕುಣಿಕೆ). ಆಮೇಲೆ 6 ಸೀದಾ, 2 ಸೇರಿಸಿ ಒಂದು. ಹೀಗೆ ಇಳಿಸುತ್ತಾ 10 ಕುಣಿಕೆ ಉಳಿದಾಗ ನೂಲು ಕತ್ತರಿಸಿ, ಸೂಜಿಯಲ್ಲಿ ಎಲ್ಲದರೊಳಗೂ ಹಾಯಿಸಿ ಎಳೆದು, ಪಕ್ಕ ಹೊಲಿಯಿರಿ.

ತೂತು ತೂತಿನ ಲೇಸು ವಿನ್ಯಾಸ ಕಾಲುಚೀಲಕ್ಕೂ ಕೈಗವಸಿಗೂ ಬೇಡ, ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಒಳಗೆ ಉದ್ದ ನೂಲಿನ ತುದಿ ಬಿಡಬೇಡಿ. ಮಣಿ, ಗುಂಡಿ ಬೇಡ.

ನಮ್ಮ ಮನೆಗಳಲ್ಲಿ ಸ್ನಾನವಾದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಹಾಕುವ ರೂಢಿ ಇದೆ. ಅಕ್ರಿಲಿಕ್ ಕುಲಾವಿ, ಸ್ವೆಟರ್ ಹಾಕಿದ ಮಗುವನ್ನು ಕೆಂಡದ ಹತ್ತಿರ ಹಿಡಿಯಲೇಬೇಡಿ. ಅಕ್ರಿಲಿಕ್ ಹತ್ತಿಕೊಂಡರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಡುಗೊರೆ ಕೊಡುವಾಗ ಬಾಣಂತಿಯ ತಾಯಿಗೂ ಇದನ್ನು ಬಾಯಿಬಿಟ್ಟು ಹೇಳಿ. ಮೆತ್ತನೆ ಹತ್ತಿ ನೂಲು ಅಥವಾ ಮೃದುವಾದ ಮೆರಿನೋ ಉಣ್ಣೆ ಸಿಕ್ಕರೆ ಅದರಲ್ಲೇ ಹಾಕುವುದು ಮೇಲು.

ಬಿದಿರುಕಡ್ಡಿ
ಹತ್ತಿಯಲ್ಲಿ ಹಾಕುವುದಾದರೆ ಒಂದು ಎಚ್ಚರಿಕೆ: ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗಿ ಮರಳುವ ಗುಣ ಇಲ್ಲ. ಅಂಚಿಗೆ ಎರಡು ಸೀದಾ ಎರಡು ಉಲ್ಟಾ ಹಾಕಿ, ಅಂಚಿನ ಮಟ್ಟಿಗೆ ಅರ್ಧ ಮಿ.ಮೀ. ಸಣ್ಣ ಕಡ್ಡಿ ಬಳಸಿ, ಇಲ್ಲವಾದರೆ ಎರಡು ಒಗೆತಕ್ಕೆ ಜೋಲುತ್ತದೆ.

ಉತ್ತರದ_ಕಂಬಳಿ
ನಡುವೆ ಒಂದು ಪ್ರಶ್ನೆ ರೀ. ನಮ್ಮ ಕಡೆ ಕುರುಬರು ನೂಲುವ ಡೆಕ್ಕನಿ ಕುರಿಯ ಉಣ್ಣೆ ಹೆಣಿಗೆಗೆ ಆಗತೈತೇನ್ರಿ?

ಲಡಿ_ಬಿಡಿಸುವವ
ಆಗುತ್ತದೆ, ಮೈಗೆ ತಾಗುವ ಬಟ್ಟೆಗೆ ಮಾತ್ರ ಬೇಡ. ಆ ಉಣ್ಣೆ ಒರಟು, ಗುಂಡಿಮಗ್ಗದಲ್ಲಿ ಕಂಬಳಿ ನೇಯಲು ಹೇಳಿ ಮಾಡಿಸಿದ್ದು. ಕುತ್ತಿಗೆಗೆ ಚುಚ್ಚುತ್ತದೆ. ಚೀಲ, ಕೂರುವ ಮಣೆಯ ಹಾಸು, ಬಿಸಿ ಪಾತ್ರೆ ಇಡುವ ಹಾಸು ಹಾಕಿ ನೋಡಿ, 6 ಮಿ.ಮೀ. ಅಥವಾ ಹೆಚ್ಚಿನ ಕಡ್ಡಿಯಲ್ಲಿ. ಕೈಯಲ್ಲಿ ನೂತ ನೂಲು ದಪ್ಪ ಸಣ್ಣ ಇರುವುದರಿಂದ ಎಲ್ಲ ಸಾಲೂ ಸೀದಾ ಹಾಕುವ ಹೆಣಿಗೆ ಅದಕ್ಕೆ ಒಪ್ಪುತ್ತದೆ.

ಹೊಸಕಡ್ಡಿ
5 ಮಿ.ಮೀ. ತಂದೆ, ಈಗ ಬಟ್ಟೆ ಮೆತ್ತಗೆ ಬರುತ್ತಿದೆ. ಆದರೆ 40 ಕುಣಿಕೆ ಹಾಕಿದ್ದು 20 ಸಾಲು ಆಗುವಷ್ಟರಲ್ಲಿ 47 ಆಗಿದೆ. ಮೊದಲ ಅಂಚು ಮಾತ್ರ ಬಿಗಿದುಕೊಂಡು ಕಮಾನಿನ ಹಾಗೆ ಬಾಗಿದೆ.

ಉಲ್ಲನ್_ಅಕ್ಕ
ಹೆಚ್ಚಾದ ಕುಣಿಕೆ ಅಂಚಿನಲ್ಲಿದೆಯಾ, ನಡುವೆ ಇದೆಯಾ ನೋಡಿ.

ಅಂಚಿನಲ್ಲಾದರೆ ಕಾರಣ ಇದು: ಸಾಲು ತಿರುಗಿಸಿದಾಗ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದಿದ್ದೀರಿ. ಆಗ ಮೊದಲ ಕುಣಿಕೆ ಎತ್ತಿಕೊಂಡು ಅದರ ಎರಡೂ ಕಾಲು ಕಡ್ಡಿಯ ಮೇಲೆ ಬರುತ್ತವೆ, ಎರಡು ಕುಣಿಕೆ ಇದ್ದ ಹಾಗೆ ಕಾಣುತ್ತದೆ, ಎರಡನ್ನೂ ಹೆಣೆಯುತ್ತೀರಿ. ನೂಲನ್ನು ಕಡ್ಡಿಯ ಕೆಳಗಿಂದ ಹಿಂದಕ್ಕೆ ಒಯ್ಯಿರಿ. ನಡುವೆ ಸಣ್ಣ ತೂತಿನ ಜೊತೆ ಹೆಚ್ಚಾಗಿದ್ದರೆ ನೂಲು ಮುಂದೆ ಉಳಿದಿದ್ದಾಗ ಸೀದಾ ಹಾಕಿದ್ದೀರಿ. ತೂತಿಲ್ಲದೆ ಹೆಚ್ಚಾಗಿದ್ದರೆ ನೂಲು ಸೀಳಿ, ಒಂದು ಕುಣಿಕೆಯ ಎಳೆಗಳನ್ನು ಎರಡಾಗಿ ಹೆಣೆದಿದ್ದೀರಿ. ಸಡಿಲ ಹುರಿಯ ಅಕ್ರಿಲಿಕ್‌ನಲ್ಲಿ ಇದು ಹೆಚ್ಚು. ಐದು ಸಾಲಿಗೊಮ್ಮೆ ಎಣಿಸಿದರೆ ಬಿಚ್ಚುವುದು ಐದು ಸಾಲಿಗೇ ಮುಗಿಯುತ್ತದೆ.

ಮೊದಲ ಅಂಚು ಬಿಗಿಯಾದದ್ದಕ್ಕೆ ಕುಣಿಕೆ ಹಾಕುವಾಗ ಮಾತ್ರ 5.5 ಅಥವಾ 6 ಮಿ.ಮೀ. ಕಡ್ಡಿ ಹಿಡಿಯಿರಿ. ಹೆಬ್ಬೆರಳಿಗೆ ಸುತ್ತಿ ಹಾಕುವ ವಿಧಾನವಾದರೆ ತುದಿ ನೂಲು ಎಷ್ಟು ಬಿಡಬೇಕು ಅನ್ನಲು ಕಡ್ಡಿಗೆ ಹತ್ತು ಸುತ್ತು ಸುತ್ತಿ, ಅಳೆದು, ನಾಲ್ಕರಿಂದ ಗುಣಿಸಿ, ಒಂದು ಗೇಣು ಹೆಚ್ಚಿಗೆ ಬಿಡಿ. ನಿಮ್ಮ 40 ಕುಣಿಕೆಗೆ ಮೀಟರ್ ಹತ್ತಿರ ಬರುತ್ತದೆ.

ಹೊಸಕಡ್ಡಿ
ಅಂಚಿನಲ್ಲೇ ಅಕ್ಕ, ಏಳಕ್ಕೆ ಏಳೂ. ಬಿಚ್ಚಿ ಮತ್ತೆ ಹಾಕುತ್ತೇನೆ. ಕೊನೆಗೆ ಕುಣಿಕೆಗಳನ್ನು ಮುಚ್ಚುವಾಗ ನೂಲು ಸಾಲದೆ ಹೋದರೆ? ಎರಡನೇ ಉಂಡೆಯ ತುದಿವರೆಗೂ ಹೆಣೆಯಬೇಕು ಅಂತಿದೆ.

ಗೇಜ್_ಲೆಕ್ಕ
ಮುಚ್ಚಲು ಬಟ್ಟೆಯ ಅಗಲದ ನಾಲ್ಕು ಪಟ್ಟು ನೂಲು ಉಳಿಸಿ. ನಿಮ್ಮ 20 ಸೆಂ.ಮೀ.ಗೆ 80, ತುದಿ ಹೊಲಿಯಲು ಇನ್ನೊಂದು 20. ಉಂಡೆ ಚಿಕ್ಕದಾದಾಗ ಉಳಿದ ನೂಲನ್ನು ಸರಿಯಾಗಿ ಅರ್ಧ ಮಾಡಿ ಆ ಜಾಗದಲ್ಲಿ ಸಡಿಲ ಗಂಟು ಹಾಕಿ. ಎರಡು ಸಾಲು ಹೆಣೆಯುವಾಗ ಗಂಟು ಕೈಗೆ ಬರದಿದ್ದರೆ ಇನ್ನೆರಡು ಸಾಲಿಗೆ ನೂಲಿದೆ ಅಂತ ಅರ್ಥ, ಗಂಟು ಬಿಚ್ಚಿ ಮತ್ತೆ ಅರ್ಧ ಮಾಡಿ. ಗಂಟು ಬಂದುಬಿಟ್ಟರೆ ಗಂಟು ಹಾಕಿದ ಮೇಲೆ ಹೆಣೆದ ಸಾಲು ಬಿಚ್ಚಿ, ಅಲ್ಲಿಂದಲೇ ಮುಚ್ಚಿ, 5.5 ಕಡ್ಡಿಯಲ್ಲಿ.